ಪೊಲಿಟಿಕಲ್ ಎಕಾನಮಿ ಓದಲಿ, 24 ಲಕ್ಷದ ಸಾಲ ಮಾತ್ರ ಬೇಡ

ಪ್ರಶ್ನೆ: ನಮ್ಮ ಮಗಳು ಈ ಸಲ ಸೆಕೆಂಡ್ ಪಿಯು ಮುಗಿಸಿದ್ದಾಳೆ. ಸೆಬಾ ಕಾಂಬಿನೇಷನ್ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ), 93 ಪರ್ಸೆಂಟ್ ಬಂದಿದೆ. ಪೊಲಿಟಿಕಲ್ ಎಕಾನಮಿಯನ್ನೇ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಸೇರಿ ವರ್ಷಕ್ಕೆ 8 ಲಕ್ಷ, ಮೂರು ವರ್ಷದ ಕೋರ್ಸ್. ಲಂಡನ್‌ನ ಒಂದು ಕಾಲೇಜಿನಿಂದಲೂ ಆಫರ್ ಬಂದಿದೆ. ಅಲ್ಲಿ ಎಲ್ಲ ಸೇರಿ ಒಂದೂಕಾಲು ಕೋಟಿ ಆಗುತ್ತದಂತೆ. ನಮ್ಮ ಯಜಮಾನರು ‘ಬಿಎ ಮಾಡಿ ಯಾರು ಉದ್ಧಾರ ಆಗಿದ್ದಾರೆ, ಬಿಕಾಂ ಸೇರಿಸು’ ಅನ್ನುತ್ತಾರೆ. ಅವರ ಸಂಬಳ ತಿಂಗಳಿಗೆ 85 ಸಾವಿರ. ನಿವೃತ್ತಿಗೆ ಇನ್ನು 9 ವರ್ಷ ಇದೆ. ನೆಲಮಂಗಲದ ಹತ್ತಿರ ಒಂದು ಸೈಟ್ ಇದೆ. ಈ ಡಿಗ್ರಿ ಮಾಡಿದರೆ ಅಷ್ಟು ಸಂಬಳ ಸಿಗುತ್ತದಾ? ಸೈಟ್ ಅಡವಿಟ್ಟು ಸಾಲ ತೆಗೆಯಬಹುದಾ?
— ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸೈಟ್ ಅಡವಿಡಬೇಡಿ. ಹಾಗಂತ ಮಗಳ ಆಸೆಯನ್ನೂ ಬಿಡಿಸಬೇಡಿ. ಎರಡೂ ಉಳಿಯುವ ದಾರಿ ಇದೆ, ಅದು ಬೆಂಗಳೂರಿನಲ್ಲೇ ಇದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಲೆಕ್ಕ ಸಮೇತ ವಿವರಿಸುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಮಗಳನ್ನೂ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಈ ವಿಷಯ ಏನು ಅಂತ ಯಜಮಾನರಿಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು. 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. ಈ ಹಂಚಿಕೆಗೆ ಒಂದು ಸೂತ್ರ ಇದೆ. 15ನೇ ಆಯೋಗದ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ ನೂರಕ್ಕೆ 45 ಅಂಕ ಇಟ್ಟಿದ್ದರು. ರಾಜ್ಯದ ತಲಾ ಆದಾಯ ಜಾಸ್ತಿ ಇದ್ದಷ್ಟೂ ಪಾಲು ಕಡಿಮೆ. ಬೆಂಗಳೂರಿನ ದುಡಿಮೆ ಲೆಕ್ಕಕ್ಕೆ ಬಂದು ರಾಜ್ಯ ಶ್ರೀಮಂತವಾಗಿ ಕಾಣುತ್ತದೆ. ಅದರ ಬಿಸಿ ರಾಯಚೂರಿಗೂ ತಟ್ಟುತ್ತದೆ. ಸೂತ್ರ ಹೇಗೆ ಕೆಲಸ ಮಾಡುತ್ತದೆ, ಅದನ್ನು ಯಾರು ಬರೆದರು, ಯಾವ ರಾಜ್ಯಕ್ಕೆ ಅದರಿಂದ ಲಾಭ, ಅದನ್ನು ಬದಲಿಸೋದು ಯಾಕೆ ಅಷ್ಟು ಕಷ್ಟ ಎಂಬುದನ್ನೆಲ್ಲ ಒಟ್ಟಿಗೆ ನೋಡುವುದೇ ಪೊಲಿಟಿಕಲ್ ಎಕಾನಮಿ. ಕೆರೆ, ಗೋಮಾಳದಂಥ ಊರೊಟ್ಟಿನ ಆಸ್ತಿಯನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂತು. 2024ರ ಅರ್ಥಶಾಸ್ತ್ರದ ನೊಬೆಲ್ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡಿದ ಮೂವರಿಗೆ ಹೋಯಿತು. ಹಾಗಾಗಿ ಇದು ಸುಮ್ನೆ ಕಾಲ ಕಳೆಯುವ ಓದು ಅಲ್ಲ. ಕರ್ನಾಟಕಕ್ಕೆ ಇಂಥದ್ದನ್ನು ಬಲ್ಲವರು ಇನ್ನೂ ಬಹಳ ಜನ ಬೇಕು. ನಿಮ್ಮ ಮಗಳು ಅದನ್ನೇ ಆರಿಸಿಕೊಂಡಿದ್ದಾಳೆ ಅಂತ ಓದಿ ನನಗೆ ನಿಜಕ್ಕೂ ಖುಷಿಯಾಯಿತು.

ಈಗ ಸಂಬಳದ ವಿಷಯ. ‘ಈ ಡಿಗ್ರಿಗೆ ಎಷ್ಟು ಸಂಬಳ’ ಅನ್ನುವ ಪ್ರಶ್ನೆಗೆ ನೇರ ಉತ್ತರ ಇಲ್ಲ. ಎಂಜಿನಿಯರಿಂಗ್‌ನ ಹಾಗೆ ಕ್ಯಾಂಪಸ್‌ಗೆ ಬಂದು ‘ಪೊಲಿಟಿಕಲ್ ಎಕಾನಮಿಯವರು ಬೇಕು’ ಅಂತ ಕೇಳುವ ಕಂಪನಿ ಅಪರೂಪ. ಇದನ್ನು ಓದಿದವರು ನಾಲ್ಕೈದು ದಿಕ್ಕಿಗೆ ಚದುರಿ ಹೋಗುತ್ತಾರೆ. ಕೆಲವರು ಬ್ಯಾಂಕ್ ಮತ್ತು ಕನ್ಸಲ್ಟಿಂಗ್ ಕಂಪನಿಗಳ ಡೇಟಾ ಕೆಲಸಕ್ಕೆ, ಕೆಲವರು ನೀತಿ ಸಂಶೋಧನೆಗೆ, ಕೆಲವರು ಪತ್ರಿಕೋದ್ಯಮಕ್ಕೆ, ಕೆಲವರು ಐಎಎಸ್–ಕೆಎಎಸ್ ತಯಾರಿಗೆ. ಉಳಿದವರು ಮಾಸ್ಟರ್ಸ್‌ಗೆ. ಈ ದಿಕ್ಕುಗಳ ನಡುವೆ ಸಂಬಳದಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸ ಇರಬಹುದು. ಸರಾಸರಿ ಅಂತ ಒಂದು ಅಂಕಿ ಹೇಳಿದರೆ ಅದು ಯಾರ ಸಂಬಳವೂ ಆಗಿರುವುದಿಲ್ಲ.

ಹೊರದೇಶದಲ್ಲಿ ಇದರ ಬಗ್ಗೆ ಒಳ್ಳೆಯ ಅಧ್ಯಯನಗಳು ಆಗಿವೆ. ಎರಡನ್ನು ಹೇಳುತ್ತೇನೆ, ಯಾಕೆಂದರೆ ನಿಮ್ಮ ನಿರ್ಧಾರಕ್ಕೆ ಎರಡೂ ಬೇಕು.

ಒಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನದು. ಅಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕಾದರೆ ಆರಂಭದ ಅರ್ಥಶಾಸ್ತ್ರ ಪೇಪರ್‌ಗಳಲ್ಲಿ ನಾಲ್ಕಕ್ಕೆ 2.8 ಜಿಪಿಎ (ಸರಾಸರಿ ಗ್ರೇಡ್) ಇರಬೇಕು ಅಂತ ನಿಯಮ ತಂದಿದ್ದರು. ಕೂದಲೆಳೆಯಲ್ಲಿ ಪಾಸಾದವರು ಅರ್ಥಶಾಸ್ತ್ರಕ್ಕೆ ಹೋದರು. ಕೂದಲೆಳೆಯಲ್ಲಿ ಅವಕಾಶ ತಪ್ಪಿದವರಲ್ಲಿ ಹೆಚ್ಚಿನವರು ಬೇರೆ ಸಮಾಜ ವಿಜ್ಞಾನಗಳಿಗೆ ಹೋದರು. ಬುದ್ಧಿಯಲ್ಲಿ ಇಬ್ಬರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಅಲ್ವಾ? ಆದರೂ ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷಗಳಲ್ಲಿ ಅರ್ಥಶಾಸ್ತ್ರದವರ ಗಳಿಕೆ ವರ್ಷಕ್ಕೆ 22 ಸಾವಿರ ಡಾಲರ್, ಅಂದರೆ ಶೇ 46ರಷ್ಟು ಹೆಚ್ಚಿತ್ತು. ಬ್ಲೀಮರ್ ಮತ್ತು ಮೆಹ್ತಾ ಅವರ ಈ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಇನ್ನೊಂದು ವಿಷಯ ಇದೆ. ಆ ವ್ಯತ್ಯಾಸದಲ್ಲಿ ಸುಮಾರು ಅರ್ಧ ಬಂದದ್ದು ಅವರು ಜಾಸ್ತಿ ಸಂಬಳ ಕೊಡುವ ಉದ್ಯಮಗಳಿಗೆ ಸೇರಿದ್ದರಿಂದ. ಅಂದರೆ ಓದಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದು ಓದಿನಷ್ಟೇ ತೂಕದ್ದು.

ಇನ್ನೊಂದು ಸ್ವಲ್ಪ ಹಳೆಯದು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ್ದು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಷ್ಟು ಹೆಸರಿಲ್ಲದ ಕಾಲೇಜಿಗೆ ಸೇರಿದವರನ್ನು ಅವರು ಹಿಂಬಾಲಿಸಿದರು. ದೊಡ್ಡ ಕಾಲೇಜಿಗೇ ಹೋದವರಿಗೂ ಇವರಿಗೂ ಗಳಿಕೆಯಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಕಾಣಲಿಲ್ಲ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ದೊಡ್ಡ ಕಾಲೇಜಿನವರ ಸಂಬಳ ಜಾಸ್ತಿ ಕಾಣುವುದಕ್ಕೆ ಒಂದು ಮುಖ್ಯ ಕಾರಣ ಅಲ್ಲಿಗೆ ಸೇರುವವರು ಮೊದಲೇ ಚುರುಕಿನವರು ಆಗಿರುವುದು. ಬರ್ಕ್ಲಿ, ಜಾರ್ಜ್‌ಟೌನ್, ವಿಲಿಯಮ್ಸ್‌ನಂಥ ಕಡೆ ಪೊಲಿಟಿಕಲ್ ಎಕಾನಮಿ ಓದಿದವರ ಗಳಿಕೆ ನೋಡಿ ‘ಈ ಡಿಗ್ರಿಗೆ ಇಷ್ಟು’ ಅಂದುಕೊಳ್ಳಬಾರದು ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಅಮೆರಿಕ ಸರ್ಕಾರ ‘ಕಾಲೇಜ್ ಸ್ಕೋರ್‌ಕಾರ್ಡ್’ ಅಂತ ಒಂದು ಪಟ್ಟಿ ಇಟ್ಟಿದೆ. ಕಾಲೇಜುವಾರು, ವಿಷಯವಾರು ಗಳಿಕೆ ಮತ್ತು ಸಾಲ ಎರಡನ್ನೂ ಅಲ್ಲಿ ನೋಡಬಹುದು. ಆದರೆ ಅದರಲ್ಲಿರುವುದು ಅಲ್ಲಿನ ಫೆಡರಲ್ ನೆರವು ಪಡೆದ ವಿದ್ಯಾರ್ಥಿಗಳ ಗಳಿಕೆ ಮಾತ್ರ. ಇಲ್ಲಿಂದ ಹೋದವರು ಅದರಲ್ಲಿ ಇರುವುದಿಲ್ಲ.

ಇವೆಲ್ಲ ಅಮೆರಿಕದ ಅಂಕಿಗಳು. ಅಲ್ಲಿನ ಡಾಲರನ್ನು ಇಲ್ಲಿಗೆ ತರುವಂತಿಲ್ಲ. ಆದರೆ ನನ್ನ ಕಣ್ಣೆದುರು ಬೆಂಗಳೂರಿನಲ್ಲಿ ನಡೆಯುವುದೂ ಇದೇ. ಕಾಲೇಜಿನ ಹೆಸರಿಗಿಂತ ಡಿಗ್ರಿಯ ಒಳಗೆ ಗಣಿತ, ಅಂಕಿಅಂಶ ಎಷ್ಟಿದೆ ಎಂಬುದು ಮುಖ್ಯ. ಮೊದಲ ಡಿಗ್ರಿಗಿಂತ ಎರಡನೆಯದು ಮುಖ್ಯ.

ನಮ್ಮ ದೇಶದಲ್ಲಿ ಸ್ಕೋರ್‌ಕಾರ್ಡ್ ಇಲ್ಲದಿದ್ದರೂ ಪೂರ್ತಿ ಕತ್ತಲೆ ಏನಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೋಗುವ ಪ್ರತಿ ಕಾಲೇಜೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಮಗಳಿಗೆ ಅದನ್ನು ತೆಗೆಯಲು ಹೇಳಿ. ಅದರಲ್ಲಿ ‘ಯುಜಿ, 3 ವರ್ಷ’ ಅಂತ ಒಂದು ಕೋಷ್ಟಕ ಇರುತ್ತದೆ. ಎಡಗಡೆಯಿಂದ ನೋಡುತ್ತ ಹೋಗಿ. ಎಷ್ಟು ಜನ ಸೇರಿದರು, ಎಷ್ಟು ಜನ ನಿಗದಿತ ಸಮಯಕ್ಕೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಿಕ್ಕವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಮೀಡಿಯನ್ ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಕಾಲೇಜಿನವರು ಜಾಹೀರಾತಿನಲ್ಲಿ ಹಾಕುವ ‘ಹೈಯೆಸ್ಟ್ ಪ್ಯಾಕೇಜ್’ ಒಬ್ಬರದು. ನಿಮ್ಮ ಮಗಳ ಲೆಕ್ಕಕ್ಕೆ ಬೇಕಾಗಿರುವುದು ನಡುವಿನ ಅಂಕಿ.

ಈ ಕೋಷ್ಟಕವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆ ಮೀಡಿಯನ್ ಕೆಲಸ ಸಿಕ್ಕವರದು ಮಾತ್ರ, ಸಿಗದವರು ಅದರಲ್ಲಿ ಇಲ್ಲ. 200 ಜನ ಪಾಸಾಗಿ 60 ಜನಕ್ಕೆ ಕೆಲಸ ಸಿಕ್ಕಿದ್ದರೆ, ಆ ಸಂಬಳ 60 ಜನರ ಪೈಕಿ ನಡುವಿನವರದು. ಜೊತೆಗೆ ಬಿಕಾಂ, ಬಿಎಸ್ಸಿ, ಬಿಎ ಎಲ್ಲ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಅದಕ್ಕೇ ನಿಮಗೆ ಸೀಟು ಕೊಟ್ಟಿರುವ ವಿಶ್ವವಿದ್ಯಾಲಯಕ್ಕೆ ಒಂದು ಮೇಲ್ ಬರೆಯಿರಿ. ‘ಈ ಕೋರ್ಸಿನ ಕಳೆದ ಎರಡು ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಕೆಲಸಕ್ಕೆ ಸೇರಿದರು, ಯಾವ ಹುದ್ದೆಗೆ, ಮೀಡಿಯನ್ ಎಷ್ಟು?’ ಅಂತ ಕೇಳಿ. ವರ್ಷಕ್ಕೆ 8 ಲಕ್ಷ ಕೇಳುವವರು ಇಷ್ಟಕ್ಕೆ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಅಥವಾ ಬಣ್ಣದ ಬ್ರೋಷರ್ ಮಾತ್ರ ಬಂದರೆ, ನಾನಾದರೆ ಸೀಟಿನ ಮುಂಗಡ ಕಟ್ಟುವುದಿಲ್ಲ.

ಇನ್ನು ಸಾಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಶೇ 10 ಬಡ್ಡಿ, 10 ವರ್ಷದ ಅವಧಿ ಅಂತ ಇಟ್ಟುಕೊಂಡರೆ ಒಂದೊಂದು ಲಕ್ಷಕ್ಕೂ ತಿಂಗಳ ಕಂತು ಸುಮಾರು 1,320 ರೂಪಾಯಿ. 24 ಲಕ್ಷಕ್ಕೆ 31,700 ಆಗುತ್ತದೆ ಅಂತ ನೀವು ಗುಣಿಸಬಹುದು. ಆದರೆ ಕಂತು ಅಲ್ಲಿಂದ ಶುರುವಾಗುವುದಿಲ್ಲ. ಓದುವ ಮೂರು ವರ್ಷ, ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ಕಂತು ಇಲ್ಲ ನಿಜ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಮೊದಲ ವರ್ಷದ 8 ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 3 ಲಕ್ಷ 20 ಸಾವಿರ. ಎರಡನೇ ವರ್ಷದ 8 ಲಕ್ಷಕ್ಕೆ ಮೂರು ವರ್ಷದ್ದು 2 ಲಕ್ಷ 40 ಸಾವಿರ. ಮೂರನೆಯದಕ್ಕೆ 1 ಲಕ್ಷ 60 ಸಾವಿರ. ಒಟ್ಟು 7 ಲಕ್ಷ 20 ಸಾವಿರ. ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 31 ಲಕ್ಷ 20 ಸಾವಿರ ಆಗಿರುತ್ತದೆ. ಕಂತು 41,200. ಇದು ಸರಳ ಬಡ್ಡಿ ಹಾಕಿ ಮಾಡಿದ ಲೆಕ್ಕ. ಕಾಲೇಜು ವರ್ಷವರ್ಷ ಫೀಸ್ ಏರಿಸಿದರೆ ಇನ್ನೂ ಜಾಸ್ತಿ.

ಈಗ ಎದುರುಗಡೆ ಸಂಬಳ ಇಡೋಣ. ಬರೀ ಬಿಎ ಮುಗಿಸಿದ ಹುಡುಗಿಗೆ ಬೆಂಗಳೂರಿನಲ್ಲಿ ಮೊದಲ ಕೆಲಸ, ಕೈಗೆ 30 ಸಾವಿರ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಂತೇ ಸಂಬಳಕ್ಕಿಂತ 11 ಸಾವಿರ ಜಾಸ್ತಿ ಆಯಿತು. ‘ಓದುವಾಗಲೇ ನಾವು ಬಡ್ಡಿ ಕಟ್ಟಿಕೊಂಡು ಹೋಗುತ್ತೇವೆ’ ಅಂದರೂ ಮೂರನೇ ವರ್ಷದಿಂದ ತಿಂಗಳಿಗೆ 20 ಸಾವಿರ ಬರೀ ಬಡ್ಡಿಗೆ ಹೋಗುತ್ತದೆ. ಆಮೇಲೂ 31,700ರ ಕಂತು ಬಾಕಿ ಇರುತ್ತದೆ. ಕಂತು ಶುರುವಾಗುವ ಹೊತ್ತಿಗೆ ಯಜಮಾನರ ನಿವೃತ್ತಿಗೆ 5 ವರ್ಷ ಉಳಿದಿರುತ್ತದೆ. 10 ವರ್ಷದ ಸಾಲದ ಉಳಿದರ್ಧ ಅವರ ಸಂಬಳ ನಿಂತ ಮೇಲಿನದು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೇರೊಂದು. ನಿಮ್ಮ ಮಗಳು ಈ ವಿಷಯ ಯಾಕೆ ಓದಬೇಕು ಅಂತಿದ್ದಾಳೆ? ಬಹುಶಃ ಸರ್ಕಾರ, ಬಜೆಟ್, ಬಡತನ, ಊರು ಕೇರಿ ಇವುಗಳ ಮೇಲೆ ಕೆಲಸ ಮಾಡಬೇಕು ಅಂತ. ಆ ಕೆಲಸಕ್ಕೆ ಬೆಂಗಳೂರಿನಷ್ಟು ಒಳ್ಳೆಯ ಊರು ಕಡಿಮೆ. ನಾಗರಬಾವಿಯಲ್ಲಿ ಐಸೆಕ್ ಇದೆ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ–ಆರ್ಥಿಕ ಸಂಶೋಧನಾ ಸಂಸ್ಥೆ. ಜನಾಗ್ರಹ, ತಕ್ಷಶಿಲಾ, ಐಐಎಚ್‌ಎಸ್, ಸೆಂಟರ್ ಫಾರ್ ಬಜೆಟ್ ಅಂಡ್ ಪಾಲಿಸಿ ಸ್ಟಡೀಸ್‌ನಂಥ, ನಗರ ಮತ್ತು ಸರ್ಕಾರಿ ನೀತಿಯ ಮೇಲೆ ಕೆಲಸ ಮಾಡುವ ಸಂಸ್ಥೆಗಳೆಲ್ಲ ಇಲ್ಲೇ ಇವೆ. ಇಂಥ ಕಡೆ ಸಂಶೋಧನಾ ಸಹಾಯಕರ ಕೆಲಸ ಹೇಗಿರುತ್ತದೆ ಗೊತ್ತಾ? ಒಂದು ವಾರ ಯಾದಗಿರಿಯ ಯಾವುದೋ ಗ್ರಾಮ ಪಂಚಾಯಿತಿಯಲ್ಲಿ ಕೂತು ಗ್ರಾಮೀಣ ಉದ್ಯೋಗ ಖಾತರಿ ಕೆಲಸದ ಹಾಜರಿ ಪಟ್ಟಿ ನೋಡಬೇಕು, ಮನೆಮನೆಗೆ ಹೋಗಿ ‘ಕೂಲಿ ಬಂತಾ, ಎಷ್ಟು ದಿನಕ್ಕೆ ಬಂತು’ ಅಂತ ಕೇಳಬೇಕು. ವಾಪಸ್ ಬಂದು ಮೂರು ವಾರ ಆ ಉತ್ತರಗಳನ್ನೆಲ್ಲ ಶೀಟಿಗೆ ಹಾಕಿ, ತಪ್ಪು ತಿದ್ದಿ, ಕೋಡ್ ಬರೆಯಬೇಕು. ಸಂಬಳ ದೊಡ್ಡದಲ್ಲ. ಆದರೆ ಎರಡು ವರ್ಷ ಇದನ್ನು ಮಾಡಿದ ಹುಡುಗಿಗೆ ಒಳ್ಳೆಯ ಮಾಸ್ಟರ್ಸ್ ಬಾಗಿಲು ತೆರೆಯುತ್ತದೆ, ಸ್ಕಾಲರ್‌ಶಿಪ್ ಸಿಗುತ್ತದೆ. 41 ಸಾವಿರದ ಕಂತು ಇದ್ದವಳು ಈ ಕೆಲಸಕ್ಕೆ ಸೇರಲು ಸಾಧ್ಯವಾ? ಅವಳು ಮೊದಲು ಸಿಕ್ಕ ಜಾಸ್ತಿ ಸಂಬಳದ ಕೆಲಸ ಹಿಡಿಯಲೇಬೇಕು, ಅದು ಯಾವುದೇ ಇರಲಿ. ಪೊಲಿಟಿಕಲ್ ಎಕಾನಮಿ ಓದಲೆಂದೇ ಮಾಡಿದ ಸಾಲ, ಪೊಲಿಟಿಕಲ್ ಎಕಾನಮಿಯ ಕೆಲಸ ಮಾಡದ ಹಾಗೆ ಅವಳನ್ನು ಕಟ್ಟಿಹಾಕುತ್ತದೆ. ಖರ್ಚು–ಗಳಿಕೆಯ ತಖ್ತೆಯಲ್ಲಿ ಈ ನಷ್ಟ ಎಲ್ಲೂ ಕಾಣುವುದಿಲ್ಲ.

ಐಎಎಸ್, ಕೆಎಎಸ್ ಯೋಚನೆ ಇದ್ದರೂ ಇದೇ ಕಥೆ. ವಿಜಯನಗರ, ಚಂದ್ರಾ ಲೇಔಟ್‌ನ ರೀಡಿಂಗ್ ರೂಮುಗಳಲ್ಲಿ ಕೂತಿರುವ ಮಕ್ಕಳನ್ನು ಒಮ್ಮೆ ಹೋಗಿ ನೋಡಿ. ಎರಡು ಮೂರು ವರ್ಷ ಗಳಿಕೆ ಇಲ್ಲದೆ ಓದುವವರು ಅವರು. ಬ್ಯಾಂಕ್ ಕೊಡುವುದು ಒಂದೇ ವರ್ಷದ ಬಿಡುವು.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಸಾಧಾರಣ ಮೊದಲ ಸಂಬಳದ ಐದರಲ್ಲಿ ಒಂದು ಪಾಲು ಕಂತಿಗೆ ಹೋಗಲಿ, ಅದಕ್ಕಿಂತ ಜಾಸ್ತಿ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. 30 ಸಾವಿರದಲ್ಲಿ 6 ಸಾವಿರ. ಅದಕ್ಕೆ ಸಿಗುವುದು ನಾಲ್ಕೂವರೆ ಲಕ್ಷದ ಸಾಲ, ಅದೂ ಕಂತು ಶುರುವಾಗುವ ದಿನಕ್ಕೆ. ಅಂದರೆ ಈಗ ತೆಗೆಯಬಹುದಾದದ್ದು ಮೂರೂವರೆ ಲಕ್ಷದ ಆಸುಪಾಸು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಿಮ್ಮ ಸೈಟ್ ಮಾತೇ ಬರುವುದಿಲ್ಲ.

ಸೈಟ್ ಬಗ್ಗೆ ಇನ್ನೆರಡು ಮಾತು. ಅದು ರೆವಿನ್ಯೂ ಸೈಟ್ (ಕನ್ವರ್ಷನ್ ಆಗದ ಕೃಷಿ ಜಮೀನಿನಲ್ಲಿ ಮಾಡಿದ್ದು) ಆಗಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇ–ಖಾತಾ, ಇಸಿ, ಕನ್ವರ್ಷನ್ ಆರ್ಡರ್ ಎಲ್ಲ ಸರಿ ಇರಬೇಕು. ಯಾವುದೂ ಇಲ್ಲದೆ ಕೈಸಾಲದವರ ಹತ್ತಿರ ಹೋಗುವ ಯೋಚನೆಯಂತೂ ಬೇಡವೇ ಬೇಡ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆ ಇದೆ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದರೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಅದರಲ್ಲಿನ ಶೇ 3ರ ಬಡ್ಡಿ ರಿಯಾಯಿತಿ ವರ್ಷಕ್ಕೆ 8 ಲಕ್ಷದವರೆಗೆ ಆದಾಯ ಇರುವ ಮನೆಗಳಿಗೆ. ನಿಮ್ಮದು 10 ಲಕ್ಷ ದಾಟುತ್ತದೆ, ಹಾಗಾಗಿ ಸಿಗುವುದಿಲ್ಲ. ಶಿಕ್ಷಣ ಸಾಲದ ಬಡ್ಡಿ ತೋರಿಸಿದರೆ ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ಬಿಡಿ. ಅದು ಹಳೆಯ ತೆರಿಗೆ ಪದ್ಧತಿಯವರಿಗೆ. ಹೊಸ ಪದ್ಧತಿಯಲ್ಲಿ ಯಜಮಾನರ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ.

ಲಂಡನ್ ವಿಷಯ ಬೇಗ ಮುಗಿಸುತ್ತೇನೆ. ಒಂದೂಕಾಲು ಕೋಟಿಗೆ, ನಡುವಿನ ಬಡ್ಡಿ ಬಿಟ್ಟರೂ, ತಿಂಗಳ ಕಂತು 1 ಲಕ್ಷ 65 ಸಾವಿರ. ಇದನ್ನು ತೀರಿಸಬೇಕಾದರೆ ಅಲ್ಲೇ ಕೆಲಸ ಸಿಗಬೇಕು. 2027ರ ಜನವರಿಯಿಂದ ಅಲ್ಲಿ ಡಿಗ್ರಿ ಮುಗಿಸಿ ಅರ್ಜಿ ಹಾಕುವವರಿಗೆ ಉಳಿಯಲು ಸಿಗುವುದು ಎರಡು ವರ್ಷವಲ್ಲ, 18 ತಿಂಗಳು. ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. ಅದಕ್ಕೆ 2025ರ ಜುಲೈಯಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400. ಆ 33,400 ಸಿಕ್ಕರೂ ಒಂದು ಪೌಂಡಿಗೆ 120 ರೂಪಾಯಿ ಅಂತ ಇಟ್ಟುಕೊಂಡರೆ, ತೆರಿಗೆಗೆ ಮುಂಚಿನ ಸಂಬಳದ ಹತ್ತಿರ ಹತ್ತಿರ ಅರ್ಧ ಕಂತಿಗೇ ಹೋಗುತ್ತದೆ. ಉಳಿದ ಅರ್ಧದಲ್ಲಿ ತೆರಿಗೆ ಕಟ್ಟಿ ಲಂಡನ್‌ನಲ್ಲಿ ಬಾಡಿಗೆ ಕೊಡಬೇಕು. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಬೇಡ ಅಂತ ನೇರವಾಗಿ ಹೇಳುತ್ತೇನೆ. ಅಲ್ಲಿಗೆ ಹೋಗುವ ಕಾಲ ಮಾಸ್ಟರ್ಸ್‌ಗೆ ಬರುತ್ತದೆ. ಬಿಎಗೆ ಸಿಗುವುದಕ್ಕಿಂತ ಮಾಸ್ಟರ್ಸ್‌ಗೆ ಸ್ಕಾಲರ್‌ಶಿಪ್ ಜಾಸ್ತಿ. ಬ್ರಿಟನ್ ಸರ್ಕಾರದ ಚೀವ್‌ನಿಂಗ್ ಸ್ಕಾಲರ್‌ಶಿಪ್ ಪೂರ್ತಿ ಖರ್ಚು ಕೊಡುತ್ತದೆ, ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್‌ನಲ್ಲಿ ಈಪಾಗ್ ಅಂತ ಆರ್ಥಿಕ ನೀತಿಯದ್ದೇ ಒಂದು ಕೋರ್ಸ್ ಇದೆ, ಅದಕ್ಕೂ ಸ್ಕಾಲರ್‌ಶಿಪ್ ಇದೆ.

ನಾನು ಹೇಳುವ ದಾರಿ ಹೀಗೆ. ಬಿಎ ಅಥವಾ ಬಿಎಸ್ಸಿ ಅರ್ಥಶಾಸ್ತ್ರ, ಬೆಂಗಳೂರಿನಲ್ಲೇ. ಜೊತೆಗೆ ರಾಜ್ಯಶಾಸ್ತ್ರ ಸಿಕ್ಕರೆ ತೆಗೆದುಕೊಳ್ಳಲಿ. ಜ್ಞಾನಭಾರತಿಯಲ್ಲಿ 2017ರಲ್ಲಿ ಶುರುವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಅದು ಸರ್ಕಾರಿ ಸಂಸ್ಥೆ, ಅರ್ಥಶಾಸ್ತ್ರಕ್ಕೆಂದೇ ಇರುವುದು. ನನ್ನ ಮೊದಲ ಆಯ್ಕೆ ಅದು. ಸೇಂಟ್ ಜೋಸೆಫ್ಸ್, ಮೌಂಟ್ ಕಾರ್ಮೆಲ್‌ನಂಥ ಹಳೆಯ ಸಂಸ್ಥೆಗಳನ್ನೂ ನೋಡಿ. ಮನೆಯಿಂದ ಓಡಾಡಿದರೆ ಹಾಸ್ಟೆಲ್ ಖರ್ಚು ಇಲ್ಲ, ಬಿಎಂಟಿಸಿಯಲ್ಲಿ ಶಕ್ತಿ ಟಿಕೆಟ್ ಇದ್ದೇ ಇದೆ. ಸರ್ಜಾಪುರದ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ನಿಮಗೆ ಎಷ್ಟು ಸಿಗುತ್ತದೆ ಅಂತ ಸೇರುವ ಮುಂಚೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ 2025ರಲ್ಲಿ ಮೂರು ವರ್ಷದ ಬಿಎ ಆನರ್ಸ್ ಶುರು ಮಾಡಿದೆ. ಓದು ಚೆನ್ನಾಗಿರುತ್ತದೆ, ಫೀಸ್ ಮಾತ್ರ ಸರ್ಕಾರಿ ಕಾಲೇಜಿನಷ್ಟು ಕಡಿಮೆ ಇಲ್ಲ. ಮೇಲೆ ಹೇಳಿದ ಮಿತಿಗೆ ಹೊಂದಿದರೆ ಮಾತ್ರ ಯೋಚಿಸಿ.

‘ಪೊಲಿಟಿಕಲ್ ಎಕಾನಮಿ ಅಂತ ಹೆಸರೇ ಇಲ್ಲವಲ್ಲ’ ಅಂತ ಮಗಳು ಬೇಜಾರು ಮಾಡಿಕೊಳ್ಳಬಹುದು. ನಮ್ಮ ದೇಶದಲ್ಲಿ ಸರ್ಟಿಫಿಕೇಟಿನ ಮೇಲೆ ಅರ್ಥಶಾಸ್ತ್ರ ಅಂತ ಇರುವುದೇ ಕ್ಷೇಮ. ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯಲು ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ಬ್ಯುಸಿನೆಸ್ ಎಕನಾಮಿಕ್ಸ್ ಅಥವಾ ಇಕನಾಮೆಟ್ರಿಕ್ಸ್‌ನಲ್ಲಿ (ಆರ್ಥಿಕ ಪ್ರಶ್ನೆಗಳಿಗೆ ಅಂಕಿಅಂಶದಿಂದ ಉತ್ತರ ಹುಡುಕುವ ವಿಷಯ) ಸ್ನಾತಕೋತ್ತರ ಪದವಿ ಬೇಕು. ನಿಯಮದಲ್ಲಿ ಬರೆದಿರುವುದು ಈ ಹೆಸರುಗಳೇ. ಪೊಲಿಟಿಕಲ್ ಎಕಾನಮಿ ಅಂತ ಎಂಎ ಮಾಡಿಕೊಂಡು ಬಂದವರು ಅರ್ಹತೆಗಾಗಿ ಅಲೆಯಬೇಕಾಗುತ್ತದೆ. ಯುಪಿಎಸ್‌ಸಿ ಐಚ್ಛಿಕ ವಿಷಯಗಳಲ್ಲೂ ಅರ್ಥಶಾಸ್ತ್ರ ಇದೆ, ರಾಜ್ಯಶಾಸ್ತ್ರ ಇದೆ, ಇದು ಇಲ್ಲ.

ಯಾವ ಕಾಲೇಜಾದರೂ ಸರಿ, ಸಿಲಬಸ್ ತೆರೆದು ಎರಡನೇ, ಮೂರನೇ ವರ್ಷದ ಪೇಪರ್‌ಗಳನ್ನು ನೋಡಿ. ಸಂಖ್ಯಾಶಾಸ್ತ್ರ ಇದೆಯಾ? ಇಕನಾಮೆಟ್ರಿಕ್ಸ್ ಕಡ್ಡಾಯವಾ, ಐಚ್ಛಿಕವಾ? ಪ್ರಾಕ್ಟಿಕಲ್‌ನಲ್ಲಿ ‘ಆರ್’ ಅಥವಾ ‘ಸ್ಟಾಟಾ’ದಂಥ ಅಂಕಿಅಂಶದ ಸಾಫ್ಟ್‌ವೇರ್ ಕಲಿಸುತ್ತಾರಾ? ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇದೆಯಾ? ಇವು ಇಲ್ಲದ ಕೋರ್ಸ್ ಎಷ್ಟೇ ದೊಡ್ಡ ಹೆಸರಿನದಾದರೂ ನಾನು ಬೇಡ ಅನ್ನುತ್ತೇನೆ. ಸೆಬಾದಲ್ಲಿ ಸಂಖ್ಯಾಶಾಸ್ತ್ರ ಓದಿರುವುದು ನಿಮ್ಮ ಮಗಳಿಗೆ ದೊಡ್ಡ ಆಸ್ತಿ. ಗಣಿತ ಓದಿಲ್ಲದಿರುವುದು ಒಂದು ಕೊರತೆ. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಗಣಿತ ಬೇಕೇ ಬೇಕು, ಆ ಬಾಗಿಲು ಈಗ ಮುಚ್ಚಿದೆ. ಮುಂದೆ ಎಂಎ ಪ್ರವೇಶ ಪರೀಕ್ಷೆಗಳಲ್ಲೂ ಗಣಿತ ಬರುತ್ತದೆ. ಈ ರಜೆಯಲ್ಲೇ ಕ್ಯಾಲ್ಕ್ಯುಲಸ್, ಮ್ಯಾಟ್ರಿಕ್ಸ್ ಎರಡನ್ನು ಪಿಯು ವಿಜ್ಞಾನದ ಗಣಿತ ಪುಸ್ತಕದಿಂದ ಶುರು ಮಾಡಲಿ. ಒಳ್ಳೆಯ ಟ್ಯೂಷನ್ ಇಟ್ಟರೂ 24 ಲಕ್ಷದ ಮುಂದೆ ಅದು ಖರ್ಚೇ ಅಲ್ಲ.

ನಿಜವಾದ ಪೊಲಿಟಿಕಲ್ ಎಕಾನಮಿ ಅವಳಿಗೆ ಎಂಎಯಲ್ಲಿ ಸಿಗುತ್ತದೆ. ಜೆಎನ್‌ಯುನ ಸೆಂಟರ್ ಫಾರ್ ಎಕನಾಮಿಕ್ ಸ್ಟಡೀಸ್ ಅಂಡ್ ಪ್ಲಾನಿಂಗ್ ಇದಕ್ಕೇ ಹೆಸರುವಾಸಿ. ಅಲ್ಲಿ ವರ್ಷದ ಬೋಧನಾ ಶುಲ್ಕ ಸಾವಿರ ರೂಪಾಯಿಯೂ ಆಗುವುದಿಲ್ಲ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಎರಡಕ್ಕೂ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಮಾಸ್ಟರ್ಸ್‌ಗೆ ಫೀಸ್ ಬದಲು ಅವರೇ ಸ್ಟೈಪೆಂಡ್ ಕೊಡುತ್ತಾರೆ. ಪರೀಕ್ಷೆ ಕಷ್ಟ, ಗಣಿತ ಗಟ್ಟಿ ಇರಬೇಕು. ದೇಶದ ಒಳ್ಳೆಯ ಎಂಎಗಳು ಇಷ್ಟು ಅಗ್ಗದಲ್ಲಿ ಸಿಗುವಾಗ, ಬಿಎಗೇ ಎಲ್ಲ ದುಡ್ಡು ಸುರಿಯುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಬಿಕಾಂ ಬಗ್ಗೆ. ಯಜಮಾನರ ಭಯ ಸುಳ್ಳಲ್ಲ. ಸಿಎ ಮಾಡುವ ಮನಸ್ಸಿದ್ದರೆ ಬಿಕಾಂ ಒಳ್ಳೆಯ ದಾರಿ. ಮನಸ್ಸಿಲ್ಲದೆ ಬರೀ ಬಿಕಾಂ ಮಾಡಿದರೆ ಮೊದಲ ಸಂಬಳ ಅರ್ಥಶಾಸ್ತ್ರದ ಬಿಎಗಿಂತ ಜಾಸ್ತಿ ಇರುತ್ತದೆ ಅಂತ ನಂಬಲು ಆಧಾರ ಇಲ್ಲ. ಲೆಕ್ಕ ಬಲ್ಲ ಅರ್ಥಶಾಸ್ತ್ರದ ಹುಡುಗಿಯನ್ನು ಕಂಪನಿಗಳೂ ತೆಗೆದುಕೊಳ್ಳುತ್ತವೆ.

ಅವಳ ಆಸಕ್ತಿ ಎಷ್ಟು ಗಟ್ಟಿ ಅಂತ ನೋಡುವುದಕ್ಕೆ ಒಂದು ಕೆಲಸ ಕೊಡಿ, ಖರ್ಚಿಲ್ಲದ್ದು. ಕೇಂದ್ರ ಅಂಕಿಅಂಶ ಸಚಿವಾಲಯ ಪಿಎಲ್‌ಎಫ್‌ಎಸ್ ಅಂತ ಉದ್ಯೋಗ ಸಮೀಕ್ಷೆ ನಡೆಸುತ್ತದೆ. ಅದರ ವರದಿ ಉಚಿತವಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಪದವಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ, ನಗರದಲ್ಲಿ ಎಷ್ಟು, ಹಳ್ಳಿಯಲ್ಲಿ ಎಷ್ಟು ಅಂತ ಹುಡುಕಿ, ಎರಡು ಪುಟ ಬರೆದು ಅಪ್ಪನಿಗೆ ವಿವರಿಸಲಿ. ಕೋಷ್ಟಕಗಳ ಮಧ್ಯೆ ಎರಡು ದಿನ ಕೂತು ಇನ್ನೂ ಬೇಕು ಅನ್ನಿಸಿದರೆ ಅವಳು ಈ ಓದಿಗೆ ಸರಿ. ಬೇಸರ ಬಂದರೆ ಅದನ್ನೂ ಈಗಲೇ ತಿಳಿದಂತಾಯಿತು.

ಖಾಸಗಿ ವಿಶ್ವವಿದ್ಯಾಲಯದವರು ಮುಂಗಡ ಕಟ್ಟಲು ಗಡುವು ಕೊಟ್ಟಿರಬಹುದು. ಆ ದಿನಾಂಕ ನೋಡಿಕೊಳ್ಳಿ. ಅದಕ್ಕೂ ಮುಂಚೆ ನಾನು ಹೇಳಿದ ಮೇಲ್ ಹೋಗಲಿ. ಕಟ್ಟಿದ ದುಡ್ಡು ವಾಪಸ್ ಬರುವ ನಿಯಮ ಏನು ಅಂತಲೂ ಅದರಲ್ಲೇ ಕೇಳಿ. ಅವರು ಅರ್ಧಕ್ಕಿಂತ ಜಾಸ್ತಿ ಫೀಸ್ ಮನ್ನಾ ಮಾಡಿ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದರೆ ಮತ್ತೆ ಬರೆಯಿರಿ, ಹೊಸ ಅಂಕಿ ಇಟ್ಟುಕೊಂಡು ಲೆಕ್ಕ ಮಾಡೋಣ. ಆ ಸ್ಕಾಲರ್‌ಶಿಪ್ ಮೂರೂ ವರ್ಷಕ್ಕಾ, ಅಂಕ ಕಡಿಮೆಯಾದರೆ ನಿಂತುಹೋಗುತ್ತದಾ ಎಂಬುದನ್ನೂ ಮರೆಯದೆ ಕೇಳಿಕೊಂಡು ಬರೆಯಿರಿ.